ಬೆಲ್ಲನ ಪೇಪರಿನಲ್ಲಿ ಇಲ್ಲದ ಕಾಲಂ

ಬೆಲ್ಲನ ಬಗ್ಗೆ ಬರೆಯಬೇಕು ಅಂತ ಕೂತಾಗಲೆಲ್ಲ ಎರಡು ಸಾಲು ಬರೆದು ಎದ್ದು ಹೋಗುತ್ತಿದ್ದೆ. ಇವತ್ತು ಭಾನುವಾರ. ಹೊರಗೆ ಜಡಿಮಳೆ. ಅಕ್ಕ, ಭಾವ, ಪುಟ್ಟಿ ಮೂವರೂ ಯಾರದ್ದೋ ಗೃಹಪ್ರವೇಶಕ್ಕೆ ಹೋಗಿದ್ದಾರೆ. ಮನೆಯಲ್ಲಿ ನಾನೊಬ್ಬನೇ. ಇವತ್ತಾದರೂ ಮುಗಿಸಿಬಿಡೋಣ ಅಂತ ಕೂತಿದ್ದೇನೆ.

ಬೆಲ್ಲ ಅಂದರೆ ನಮ್ಮನೆ ನಾಯಿ. ಗೋಲ್ಡನ್ ರಿಟ್ರೀವರ್, ಗಂಡು. ಊರಿಂದ ಡಬ್ಬಿಯಲ್ಲಿ ಬರುವ ಜೋನಿಬೆಲ್ಲದ ಬಣ್ಣ ಅಂತ ಅಕ್ಕ ಆ ಹೆಸರಿಟ್ಟಳು. ಪೇಪರಿನಲ್ಲಿ ಅವನಿಗೆ ಬೇರೆ ಹೆಸರಿತ್ತು. ಐದು ಪದಗಳ ಉದ್ದನೆಯ ಇಂಗ್ಲಿಷ್ ಹೆಸರು, ಯಾವುದೋ ರಾಜಮನೆತನದವರ ಥರ. ಆ ಹೆಸರಿನಿಂದ ಅವನನ್ನು ಯಾರೂ ಒಂದು ದಿನವೂ ಕರೆಯಲಿಲ್ಲ.

ಅವನನ್ನು ತಂದಿದ್ದು 2018ರ ಜುಲೈನಲ್ಲಿ. ನನಗೆ ಕೆಲಸ ಸಿಕ್ಕಿ ಒಂದು ವರ್ಷವೂ ಆಗಿರಲಿಲ್ಲ, ಬೆಂಗಳೂರಿನಲ್ಲಿ ಅಕ್ಕನ ಮನೆಯಲ್ಲೇ ಇದ್ದೆ (ಈಗಲೂ ಇದ್ದೇನೆ!). ನಾಯಿ ತರೋದು ಅಂತ ನಿಶ್ಚಯವಾದ ಮೇಲೆ ನಾನು ಇಂಜಿನಿಯರ್ ಬುದ್ಧಿ ತೋರಿಸದೆ ಇರ್ತೀನಾ? ಮೂರು ಜನ ಬ್ರೀಡರ್‌ಗಳನ್ನು ಹೋಲಿಸಿ ಒಂದು ಎಕ್ಸೆಲ್ ಶೀಟ್ ಮಾಡಿದ್ದೆ. ಕಾಲಂಗಳು ಇವು: ಬಣ್ಣ, ಬೆಲೆ, ಲಸಿಕೆ, ಪೇಪರ್ ಇದೆಯೋ ಇಲ್ಲವೋ, ಅಪ್ಪ ಅಮ್ಮ ಚಾಂಪಿಯನ್ ಹೌದೋ ಅಲ್ಲವೋ, ನಮ್ಮ ಮನೆಯಿಂದ ಎಷ್ಟು ದೂರ. ಎಲ್ಲದರಲ್ಲೂ ಹೆಚ್ಚು ಅಂಕ ತೆಗೆದ ಮರಿಯನ್ನು ಮಡಿಲಲ್ಲಿ ಇಟ್ಟುಕೊಂಡು ಓಲಾ ಹತ್ತಿ ಮನೆಗೆ ಬಂದೆ. ಅವನು ದಾರಿಯಲ್ಲಿ ನನ್ನ ಹೊಸ ಐಡಿ ಕಾರ್ಡಿನ ದಾರ ಕಡಿದು ಹಾಕಿದ.

ಆ ವರ್ಷ ದೀಪಾವಳಿಗೆ ಅವನನ್ನು ಊರಿಗೆ ಕರೆದುಕೊಂಡು ಹೋಗಿದ್ದೆವು. ಅಪ್ಪ ಜಗಲಿಯಲ್ಲಿ ಕೂತು ಬೆಲ್ಲನನ್ನು ಸ್ವಲ್ಪ ಹೊತ್ತು ನೋಡಿ ಕೇಳಿದ್ದು ಒಂದೇ ಪ್ರಶ್ನೆ.

"ಇದು ಎಷ್ಟು ವರ್ಷ ಬದುಕೋ ಜಾತಿ?"

"ಹತ್ತು ಹನ್ನೆರಡು ವರ್ಷ ಅಂತ ನೆಟ್ಟಲ್ಲಿ ಹಾಕಿದಾರೆ ಅಪ್ಪ."

"ನೆಟ್ಟಲ್ಲಿ ಇರೋದಲ್ಲ ಮಾರಾಯ. ಇದರ ಅಜ್ಜ ಎಷ್ಟು ವರ್ಷ ಬದುಕಿತ್ತು?"

ನಾನು ಹೆಮ್ಮೆಯಿಂದ ಪೇಪರ್ ತೆಗೆದು ಕೊಟ್ಟೆ. ಅಪ್ಪ ಅಮ್ಮ, ಅಜ್ಜ ಅಜ್ಜಿಯರು, ಮುತ್ತಜ್ಜ ಮುತ್ತಜ್ಜಿಯರು ಅಂತ ಮೂರು ತಲೆಮಾರಿನ 14 ಹೆಸರು. ಕೆಲವು ಹೆಸರಿನ ಹಿಂದೆ ಚಾಂಪಿಯನ್ ಅನ್ನೋ ಬಿರುದು ಬೇರೆ. ಅಪ್ಪ ಕನ್ನಡಕ ಹಾಕಿಕೊಂಡು ಪೂರ್ತಿ ಓದಿ ವಾಪಸ್ ಕೊಟ್ಟರು. "ಹೆಸರೆಲ್ಲ ಚೆಂದ ಇದೆ" ಅಂದರು ಅಷ್ಟೇ.

ಅಪ್ಪ ದನ ಕೊಳ್ಳಲು ಹೋದರೆ ಅದರ ತಾಯಿಯ ಜಾತಕವನ್ನೇ ಕೇಳುತ್ತಾರೆ. ಎಷ್ಟು ಕರು ಹಾಕಿತ್ತು, ಎಷ್ಟನೇ ವಯಸ್ಸಿನವರೆಗೆ ಹಾಲು ಕೊಟ್ಟಿತು, ಏನಾಗಿ ಸತ್ತಿತು. "ಅಪ್ಪ, ಇದು ಹಸು ಅಲ್ಲ" ಅಂತ ನಾನು ನಕ್ಕಿದ್ದೆ. ಆ ನಗು ಈಗ ನೆನಪಾದರೆ ಮುಖ ಮುಚ್ಚಿಕೊಳ್ಳುವ ಹಾಗಾಗುತ್ತದೆ.

ಮುಂದಿನ ಆರು ವರ್ಷದ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ನಾಯಿ ಸಾಕಿದವರಿಗೆ ಗೊತ್ತು, ಸಾಕದವರಿಗೆ ಎಷ್ಟು ಹೇಳಿದರೂ ಅತಿಯಾಯ್ತು ಅನಿಸುತ್ತದೆ. ಪುಟ್ಟಿ ನಡೆಯಲು ಕಲಿತದ್ದು ಅವನ ಕಿವಿ ಹಿಡಿದುಕೊಂಡು. ಕೊರೋನಾ ಕಾಲದಲ್ಲಿ ನನ್ನ ಎಲ್ಲ ಮೀಟಿಂಗುಗಳಲ್ಲೂ ಮೇಜಿನ ಕೆಳಗೆ ಅವನ ಗೊರಕೆ. ಸೌತೆಕಾಯಿ ಹೆಚ್ಚುವ ಸದ್ದು ಕೇಳಿದರೆ ಮಹಡಿಯಿಂದ ಇಳಿದು ಬರುತ್ತಿದ್ದ. ಇಷ್ಟು ಸಾಕು.

2025ರ ಸಂಕ್ರಾಂತಿಗೆ ಎರಡು ದಿನ ಮೊದಲು, ಸಂಜೆ ವಾಕಿಂಗ್ ಹೋದವನು ಅರ್ಧ ದಾರಿಯಲ್ಲಿ ಕೂತುಬಿಟ್ಟ. ಎಬ್ಬಿಸಿದರೆ ಎದ್ದ, ನಿಧಾನಕ್ಕೆ ನಡೆದ, ಮನೆಗೆ ಬಂದು ಊಟ ಮಾಡದೆ ಮಲಗಿದ. ಬೆಳಿಗ್ಗೆ ನೋಡಿದರೆ ಏನೂ ಆಗೇ ಇಲ್ಲವೇನೋ ಅನ್ನುವಂತೆ ಬಾಲ ಅಲ್ಲಾಡಿಸುತ್ತಾ ಬಾಗಿಲಲ್ಲಿ ನಿಂತಿದ್ದ. ಏನೋ ತಿಂದಿರಬೇಕು, ಸುಸ್ತಾಗಿರಬೇಕು ಅಂದುಕೊಂಡು ನಾವು ಎಳ್ಳು ಬೀರಲು ಹೊರಟೆವು.

ಆ ಸಂಜೆ ಅವನ ಹೊಟ್ಟೆಯೊಳಗೆ ಸ್ವಲ್ಪ ರಕ್ತ ಸೋರಿ ನಿಂತಿರಬೇಕು. ಹಾಗೆ ಸೋರಿದ ರಕ್ತವನ್ನು ದೇಹ ಮತ್ತೆ ಹೀರಿಕೊಳ್ಳುತ್ತದೆ, ನಾಯಿ ಮರುದಿನ ಚೇತರಿಸಿಕೊಂಡ ಹಾಗೆ ಕಾಣುತ್ತದೆ. ಇದು ನನಗೆ ಗೊತ್ತಾಗಿದ್ದು ಒಂದು ವಾರದ ನಂತರ.

ಜನವರಿ 18, ಶನಿವಾರ. ಬೆಳಿಗ್ಗೆ ಎಬ್ಬಿಸಿದರೆ ಏಳಲಿಲ್ಲ. ತುಟಿ ಎತ್ತಿ ನೋಡಿದರೆ ವಸಡು ಸುಣ್ಣದ ಥರ ಬಿಳಿಚಿಕೊಂಡಿತ್ತು. ಭಾವ ಮತ್ತು ನಾನು ಬೆಡ್‌ಶೀಟಿನಲ್ಲಿ ಎತ್ತಿಕೊಂಡು ಆಸ್ಪತ್ರೆಗೆ ಓಡಿದೆವು. ಡಾಕ್ಟರ್ ಮೇಡಂ ಹೊಟ್ಟೆಗೆ ಸೂಜಿ ಚುಚ್ಚಿ ಎಳೆದರು. ಸಿರಿಂಜಿನಲ್ಲಿ ಬಂದಿದ್ದು ರಕ್ತ. ಸ್ಕ್ಯಾನ್ ಮಾಡಿದರು. ಸ್ಪ್ಲೀನ್, ಅಂದರೆ ಗುಲ್ಮದ ಮೇಲೆ ಒಂದು ಮೂಸಂಬಿ ಗಾತ್ರದ ಗೆಡ್ಡೆ. ಅದು ಒಡೆದಿತ್ತು.

"ಸ್ಪ್ಲೀನಿನ ಗೆಡ್ಡೆ ಎಲ್ಲಾನೂ ಕ್ಯಾನ್ಸರ್ ಅಲ್ಲ" ಅಂದರು ಮೇಡಂ. ಸ್ವಲ್ಪ ತಡೆದು, "ಆದ್ರೆ ಹೊಟ್ಟೆಯೊಳಗೆ ರಕ್ತ ಸೋರ್ತಾ ಇರೋ ಗೋಲ್ಡನ್ ಅಂದ್ರೆ ನಾನು ಜಾಸ್ತಿ ಆಸೆ ಹುಟ್ಟಿಸಲ್ಲ" ಅಂದರು.

"ಗೋಲ್ಡನ್ ಅಂದ್ರೆ ಯಾಕೆ ಮೇಡಂ?"

ಅವರು ನನ್ನ ಮುಖ ನೋಡಿದರು. ಏಳು ವರ್ಷದ ಹತ್ತಿರ ಈ ನಾಯಿಯನ್ನು ಸಾಕಿದವನಿಗೆ ಇದು ಗೊತ್ತಿಲ್ಲವಾ ಅನ್ನೋ ನೋಟ ಅದು. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಆಪರೇಷನ್ ಆಯಿತು. ರಕ್ತ ಕೊಡಲು ಯಾರದ್ದೋ ಮನೆಯ ಲ್ಯಾಬ್ರಡಾರ್ ಬಂತು, ಅದರ ಋಣ ತೀರಿಸಲಾಗದ್ದು. ಒಂಬತ್ತು ದಿನದ ಮೇಲೆ ಬಯಾಪ್ಸಿ ರಿಪೋರ್ಟ್ ಬಂತು. ಹೆಮಾಂಜಿಯೋಸಾರ್ಕೋಮಾ. ರಕ್ತನಾಳಗಳ ಒಳಪದರದ ಜೀವಕೋಶಗಳ ಥರದವು ಕೆಟ್ಟು ಬೆಳೆಯುವ ಕ್ಯಾನ್ಸರ್. ರಕ್ತನಾಳವೇ ರೋಗವಾದ್ದರಿಂದ ರಕ್ತದ ದಾರಿಯಲ್ಲಿ ಬೇಗ ಹರಡುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ, ನೋವೂ ಹೆಚ್ಚು ತೋರಿಸುವುದಿಲ್ಲ, ಒಂದು ದಿನ ಒಡೆಯುತ್ತದೆ. ಬರೀ ಆಪರೇಷನ್ ಮಾಡಿದರೆ ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು. ಕೀಮೋ ಕೊಟ್ಟರೆ ನಾಲ್ಕರಿಂದ ಆರು. ವರ್ಷ ದಾಟುವವು ಹತ್ತರಲ್ಲಿ ಒಂದು.

ಕೀಮೋದ ಕೆಂಪು ಔಷಧಿಯ ಹೆಸರು ಡಾಕ್ಸೋರುಬಿಸಿನ್. "ದೊಡ್ಡಮ್ಮನಿಗೂ ಇದನ್ನೇ ಕೊಟ್ಟಿದ್ರು ಕಣೋ" ಅಂದಳು ಅಕ್ಕ. ದೊಡ್ಡಮ್ಮ ಸ್ತನ ಕ್ಯಾನ್ಸರಿನಿಂದ ಗುಣವಾಗಿ ಈಗ ಸಾಗರದಲ್ಲಿ ಆರಾಮಾಗಿದ್ದಾರೆ. ಆ ಒಂದು ಎಳೆ ಹಿಡಿದುಕೊಂಡು ಕೀಮೋ ಕೊಡಿಸಿದೆವು. ಎರಡು ಡೋಸ್ ಆಯಿತು. ಮಾರ್ಚ್ 16ರ ರಾತ್ರಿ ವಸಡು ಮತ್ತೆ ಬಿಳಿಯಾಯಿತು. 17ರ ಬೆಳಿಗ್ಗೆ ನಿದ್ದೆಯ ಇಂಜೆಕ್ಷನ್ನಿಗೆ ಸಹಿ ಹಾಕಿದ್ದು ನಾನೇ. ಆಪರೇಷನ್ ಆದ ಮೇಲೆ 58 ದಿನ. ಒಟ್ಟು ಆರು ವರ್ಷ ಹತ್ತು ತಿಂಗಳು.

ಆಮೇಲೆ ನಾನು ಓದಲು ಶುರು ಮಾಡಿದೆ. ನಾಯಿ ತರುವಾಗ ಓದಬೇಕಿತ್ತು, ಕಳಕೊಂಡ ಮೇಲೆ ಓದಿದೆ.

ಈ ತಳಿ ಹುಟ್ಟಿದ್ದು ಸ್ಕಾಟ್‌ಲೆಂಡಿನ ಬೆಟ್ಟಗಾಡಿನ ಗೀಸಾಕನ್ ಅನ್ನೋ ಎಸ್ಟೇಟಿನಲ್ಲಿ. ಡಡ್ಲಿ ಮಾರ್ಜೋರಿಬ್ಯಾಂಕ್ಸ್ ಅಂತ ಒಬ್ಬ ಶ್ರೀಮಂತ, ಆಮೇಲೆ ಲಾರ್ಡ್ ಟ್ವೀಡ್‌ಮೌತ್ ಆದವನು, ಬೇಟೆಯಲ್ಲಿ ಬಿದ್ದ ಹಕ್ಕಿಯನ್ನು ಹುಡುಕಿ ತರುವ ನಾಯಿ ಬೇಕು ಅಂತ 1868ರಲ್ಲಿ ನೌಸ್ ಅನ್ನೋ ಹಳದಿ ರಿಟ್ರೀವರ್ ಗಂಡಿಗೆ ಟ್ವೀಡ್ ವಾಟರ್ ಸ್ಪ್ಯಾನಿಯಲ್ ಜಾತಿಯ ಹೆಣ್ಣೊಂದನ್ನು ಕೂಡಿಸಿದ. ಹುಟ್ಟಿದ್ದು ನಾಲ್ಕು ಹಳದಿ ಮರಿಗಳು. ಆ ಹೆಣ್ಣುನಾಯಿಯ ಹೆಸರು ಬೆಲ್. ಓದಿ ಒಂದು ಕ್ಷಣ ಸುಮ್ಮನಾದೆ. ನಮ್ಮ ಬೆಲ್ಲನಿಗೆ ಗೊತ್ತಿಲ್ಲದೆಯೇ ಅವನ ಮೂಲಪುರುಷಳ ಹೆಸರಿಟ್ಟಿದ್ದೆವು :-)

ಈ ಲಾರ್ಡ್ ಒಂದು ಒಳ್ಳೆಯ ಕೆಲಸ ಮಾಡಿದ್ದ, ಎಲ್ಲವನ್ನೂ ಪುಸ್ತಕದಲ್ಲಿ ಬರೆದಿಟ್ಟಿದ್ದ. ಬಹಳ ವರ್ಷ ಜನ ಗೋಲ್ಡನ್ ಅಂದರೆ ರಷ್ಯಾದ ಸರ್ಕಸ್ ನಾಯಿಗಳಿಂದ ಬಂದ ತಳಿ ಅಂತ ನಂಬಿದ್ದರು. 1952ರಲ್ಲಿ ಅವನ ವಂಶದವರೇ ಒಬ್ಬರು ಆ ಪುಸ್ತಕದ ವಿವರ ಹೊರಗೆ ತಂದ ಮೇಲೆ ಸರ್ಕಸ್ ಕತೆ ಬಿದ್ದುಹೋಯಿತು. ಯಾರೋ ಬರೆದಿಟ್ಟಿದ್ದರಿಂದ ಎಂಬತ್ತು ವರ್ಷದ ಮೇಲೆ ಸತ್ಯ ಗೊತ್ತಾಯಿತು.

ಆದರೆ ತಳಿಯ ಪುಸ್ತಕಕ್ಕೆ ಇನ್ನೊಂದು ಮುಖವೂ ಇದೆ. ಒಮ್ಮೆ ಪುಸ್ತಕದ ಬಾಗಿಲು ಹಾಕಿದರೆ ಹೊರಗಿನ ರಕ್ತ ಒಳಗೆ ಬರುವುದಿಲ್ಲ. ಗೋಲ್ಡನ್ನಿಗೆ ಗೋಲ್ಡನ್ನೇ ಜೋಡಿ. ನಮ್ಮಲ್ಲಿ ಸಂಬಂಧದಲ್ಲಿ ಮದುವೆಯಾದರೆ ಮಕ್ಕಳಿಗೆ ತೊಂದರೆಯಾಗಬಹುದು ಅಂತ ಡಾಕ್ಟರುಗಳು ಹೇಳುತ್ತಾರಲ್ಲ, ಅದೇ ಲೆಕ್ಕ ತಲೆಮಾರು ತಲೆಮಾರು ಕೂಡುತ್ತಾ ಹೋದ ಹಾಗೆ. 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 93 ಹೆಣ್ಣು ಗೋಲ್ಡನ್‌ಗಳನ್ನು ನೋಡಿದ್ದರು. ತಾಯಿಯ ಒಳಸಂಬಂಧದ ಪ್ರಮಾಣ ಶೇ. 10ರಷ್ಟು ಹೆಚ್ಚಿದ್ದರೆ ಸೂಲಿಗೆ ಸರಾಸರಿ ಒಂದು ಮರಿ ಕಡಿಮೆ.

ಅದಕ್ಕಿಂತ ನನ್ನನ್ನು ಹಿಡಿದು ಕೂರಿಸಿದ ವಿಷಯ ಬೇರೆ. ಒಂದು ಗಂಡುನಾಯಿ ಶೋನಲ್ಲಿ ಗೆದ್ದು ಚಾಂಪಿಯನ್ ಆಗುವುದು ಮೂರು ನಾಲ್ಕು ವರ್ಷದ ಪ್ರಾಯದಲ್ಲಿ. ಆಗ ಎಲ್ಲರಿಗೂ ಅದರ ಮರಿಯೇ ಬೇಕು. ಕ್ಯಾನ್ಸರ್ ಬರುವುದು ಹೆಚ್ಚಾಗಿ ಎಂಟು, ಹತ್ತರ ಪ್ರಾಯದಲ್ಲಿ. ಅಷ್ಟು ಹೊತ್ತಿಗೆ ಅದರ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು ಊರೂರಿಗೆ ಹಂಚಿಹೋಗಿರುತ್ತವೆ. ಕಪ್ಪು ಕೂದಲು ಬಂದರೆ ಮರಿ ಹುಟ್ಟಿದ ದಿನವೇ ಗೊತ್ತಾಗುತ್ತದೆ. ಆಯಸ್ಸು ಕಡಿಮೆ ಇದೆ ಅಂತ ಗೊತ್ತಾಗುವುದು ಸತ್ತ ಮೇಲೆ. ಅದನ್ನು ಯಾರಾದರೂ ಬರೆದಿಟ್ಟರೆ ಮಾತ್ರ!

ಇನ್ನು ಅಂಕಿ ಅಂಶ. ಅಮೆರಿಕದ ಗೋಲ್ಡನ್ ಕ್ಲಬ್ 1998-99ರಲ್ಲಿ ಮಾಡಿಸಿದ ಸಮೀಕ್ಷೆಯಲ್ಲಿ ಸತ್ತ ಗೋಲ್ಡನ್‌ಗಳ ಪೈಕಿ ಸುಮಾರು ಶೇ. 60ಕ್ಕೆ ಕ್ಯಾನ್ಸರೇ ಕಾರಣವಾಗಿತ್ತು. ಗಂಡುಗಳಲ್ಲಿ ಇನ್ನೂ ಸ್ವಲ್ಪ ಹೆಚ್ಚು. ಬ್ರಿಟನ್ನಿನಲ್ಲಿ 2004ರ ಸಮೀಕ್ಷೆಯಲ್ಲಿ ಅದು ಸುಮಾರು ಶೇ. 40, ಆಯಸ್ಸು ಹನ್ನೆರಡರ ಆಸುಪಾಸು. ಒಂದೇ ತಳಿ, ಎರಡು ದೇಶ.

ಈ ಶೇ. 60 ನೋಡಿ ಹೆದರುವ ಮೊದಲು ಒಂದು ಮಾತು. ಇದರ ಅರ್ಥ ನೂರರಲ್ಲಿ ಅರವತ್ತು ಗೋಲ್ಡನ್ ಬೆಲ್ಲನ ಥರ ಆರೇಳು ವರ್ಷಕ್ಕೆ ಹೋಗುತ್ತವೆ ಅಂತ ಅಲ್ಲ. ಹೆಚ್ಚಿನವು ಹತ್ತು, ಹನ್ನೊಂದು, ಹನ್ನೆರಡು ವರ್ಷ ಬದುಕಿಯೇ ಹೋಗುತ್ತವೆ. ಲಸಿಕೆ ಹಾಕಿಸಿ, ಬೇಲಿಯೊಳಗೆ ಸಾಕಿ, ಬೇರೆ ಸಾವುಗಳನ್ನೆಲ್ಲ ತಡೆದರೆ ಕೊನೆಗೆ ಉಳಿಯುವುದು ಮುಪ್ಪಿನ ರೋಗಗಳು, ಅದರಲ್ಲಿ ಗೋಲ್ಡನ್ನಿನ ಪಾಲಿಗೆ ಕ್ಯಾನ್ಸರ್ ಹೆಚ್ಚು. ದೊಡ್ಡ ನಾಯಿಗಳು ಹೇಗೂ ಬೇಗ ಮುಪ್ಪಾಗುತ್ತವೆ. 2013ರ ಒಂದು ಲೆಕ್ಕದ ಪ್ರಕಾರ ತಳಿಯ ತೂಕ 2 ಕೆ.ಜಿ. ಹೆಚ್ಚಾದಂತೆ ಆಯಸ್ಸು ಸುಮಾರು ಒಂದು ತಿಂಗಳು ಕಡಿಮೆ.

"ಅದಕ್ಕೇ ನಮ್ಮ ಊರು ನಾಯಿ ಸಾಕಬೇಕು, ಅವಕ್ಕೆ ಕ್ಯಾನ್ಸರೇ ಬರಲ್ಲ" ಅಂತ ನನಗೆ ಸಮಾಧಾನ ಹೇಳಿದವರು ಹತ್ತು ಜನ. ಊರು ನಾಯಿ ಸಾಕಿ, ಖಂಡಿತ ಸಾಕಿ. ಆದರೆ ಮಾತು ಅಷ್ಟು ಸಲೀಸಲ್ಲ. ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದವರು 2013ರಲ್ಲಿ ಆನುವಂಶಿಕ ಕಾಯಿಲೆ ಇದ್ದ 27 ಸಾವಿರಕ್ಕೂ ಹೆಚ್ಚು ನಾಯಿಗಳ ದಾಖಲೆ ನೋಡಿದರು. 24 ಕಾಯಿಲೆಗಳಲ್ಲಿ 10 ತಳಿನಾಯಿಗಳಲ್ಲಿ ಹೆಚ್ಚು, 13ರಲ್ಲಿ ತಳಿ, ಮಿಶ್ರ ಅಂತ ವ್ಯತ್ಯಾಸವೇ ಇರಲಿಲ್ಲ. ಹೆಮಾಂಜಿಯೋಸಾರ್ಕೋಮಾ ಆ 13ರಲ್ಲೇ ಇದೆ. ಎಲ್ಲ ತಳಿಗಳನ್ನು ಒಟ್ಟು ಹಾಕಿದಾಗಿನ ಮಾತಿದು, ಗೋಲ್ಡನ್ನಿನಂಥ ಕೆಲವು ತಳಿಗಳಲ್ಲಿ ಅದು ಹೆಚ್ಚೇ. ಇನ್ನು ನಮ್ಮ ಊರಿನ ಮನೆಯಲ್ಲಿ ನಾನು ಕಂಡ ನಾಲ್ಕು ನಾಯಿಗಳಲ್ಲಿ ಎರಡನ್ನು ಚಿರತೆ ಒಯ್ದಿತು, ಒಂದು ಬಸ್ಸಿನಡಿ ಸಿಕ್ಕಿತು. ಒಂದು ಮಾತ್ರ ಮುದಿಯಾಗಿ ಕಟ್ಟಿಗೆ ಕೊಟ್ಟಿಗೆಯಲ್ಲಿ ಮಲಗಿದ್ದಲ್ಲೇ ಸತ್ತಿತು. ಅದರ ಹೊಟ್ಟೆಯೊಳಗೆ ಏನಿತ್ತು ಅಂತ ನಾವ್ಯಾರೂ ನೋಡಲಿಲ್ಲ.

ನಾಯಿಗೆ ಸಂತಾನಹರಣ ಮಾಡಿಸಿದ್ದೇ ತಪ್ಪಾಯಿತಾ ಅಂತಲೂ ಕೊರಗಿದೆ. ಅದೇ ಡೇವಿಸ್‌ನವರು 759 ಗೋಲ್ಡನ್‌ಗಳ ದಾಖಲೆ ನೋಡಿ 2013ರಲ್ಲಿ ಬರೆದದ್ದು ಇದು: ಒಂದು ವರ್ಷದೊಳಗೆ ಆಪರೇಷನ್ ಆದ ಗಂಡುಗಳಲ್ಲಿ ಲಿಂಫೋಮಾ ಎಂಬ ಕ್ಯಾನ್ಸರ್ ಶೇ. 10ರ ಹತ್ತಿರ, ಮಾಡಿಸದವುಗಳಿಗಿಂತ ಮೂರು ಪಟ್ಟು. ವರ್ಷದ ನಂತರ ಆಪರೇಷನ್ ಆದ ಹೆಣ್ಣುಗಳಲ್ಲಿ ಹೆಮಾಂಜಿಯೋಸಾರ್ಕೋಮಾ ಶೇ. 8ರ ಹತ್ತಿರ, ಉಳಿದ ಹೆಣ್ಣುಗಳ ನಾಲ್ಕು ಪಟ್ಟು. ಬೆಲ್ಲ ಗಂಡು, ಆಪರೇಷನ್ ಆಗಿದ್ದು ಎರಡು ವರ್ಷಕ್ಕೆ. ಅವನ ಲೆಕ್ಕ ಯಾವ ಸಾಲಿಗೂ ಸರಿಯಾಗಿ ಬರಲಿಲ್ಲ. ಒಂದು ಅಪರಾಧ ಕಡಿಮೆಯಾಯಿತು ಅಂತ ಸಮಾಧಾನಪಟ್ಟುಕೊಂಡೆ.

ಇಲ್ಲಿ ನಮ್ಮ ಕನ್ನಡದ '777 ಚಾರ್ಲಿ' ಹೇಳದೆ ಇರಲಾರೆ. 2022ರ ಜೂನ್‌ನಲ್ಲಿ ನಾವೆಲ್ಲ ಥಿಯೇಟರಿಗೆ ಹೋಗಿ ನೋಡಿ ಅತ್ತು ಬಂದಿದ್ದೆವು. ಆ ಲ್ಯಾಬ್ರಡಾರ್‌ಗೂ ಕ್ಯಾನ್ಸರ್. ಒಳಸಂಬಂಧದಲ್ಲಿ ಮರಿ ಮಾಡಿಸುವುದರ ಬಗ್ಗೆಯೂ ಸಿನಿಮಾ ಬಾಯಿಬಿಟ್ಟು ಹೇಳುತ್ತದೆ. ಮನೆಗೆ ಬಂದು ಬೆಲ್ಲನನ್ನು ತಬ್ಬಿಕೊಂಡು "ನಿಂಗೇನೂ ಆಗಲ್ಲ ಕಣೋ, ನಿಂಗೆ ಪೇಪರ್ ಇದೆ" ಅಂದಿದ್ದೆ. ಪೇಪರ್ ಇಲ್ಲದ ಕಳ್ಳ ಬ್ರೀಡರುಗಳ ನಾಯಿಗೆ ಮಾತ್ರ ಹೀಗಾಗುತ್ತದೆ ಅಂತ ನನ್ನ ತಲೆಯಲ್ಲಿ ಕೂತಿತ್ತು. ಅಷ್ಟು ಚೆನ್ನಾಗಿ ತಿಳಿಸಿ ಹೇಳಿದ ಸಿನಿಮಾವನ್ನು ಅಷ್ಟು ತಪ್ಪಾಗಿ ತಿಳಿದುಕೊಂಡವನು ನಾನೊಬ್ಬನೇ ಇರಬೇಕು.

ಒಂದು ಟೆಸ್ಟ್ ಮಾಡಿ ಕೆಟ್ಟ ಜೀನ್ ಇರುವ ನಾಯಿಯನ್ನು ಬಿಟ್ಟುಬಿಡಬಹುದಲ್ಲ ಅಂತ ನಿಮಗೆ ಅನಿಸಬಹುದು, ನನಗೂ ಅನಿಸಿತು. ಇದು ಒಂದು ಜೀನಿನ ಬಗ್ ಅಲ್ಲ. 2015ರಲ್ಲಿ ಗೋಲ್ಡನ್‌ಗಳ 5ನೇ ಕ್ರೋಮೋಸೋಮಿನಲ್ಲಿ ಎರಡು ಜಾಗ ಪತ್ತೆಯಾದವು, ಲಿಂಫೋಮಾ ಮತ್ತು ಹೆಮಾಂಜಿಯೋಸಾರ್ಕೋಮಾ ಎರಡಕ್ಕೂ ಸಂಬಂಧಿಸಿದವು. ಎರಡೂ ಸೇರಿ ವಿವರಿಸುವುದು ಅಪಾಯದ ಸುಮಾರು ಶೇ. 20ನ್ನು ಮಾತ್ರ. ಉಳಿದದ್ದು ಬೇರೆಲ್ಲೋ ಚದುರಿಕೊಂಡಿದೆ.

2023ರಲ್ಲಿ ಡೇವಿಸ್‌ನವರು ಪ್ರಶ್ನೆಯನ್ನೇ ತಿರುಗಿಸಿ ಕೇಳಿದರು. ಯಾಕೆ ಸಾಯುತ್ತವೆ ಅನ್ನೋದರ ಬದಲು, ಕೆಲವು ಯಾಕೆ ಹೆಚ್ಚು ಬದುಕುತ್ತವೆ? 14 ವರ್ಷವಾದರೂ ಬದುಕಿದ್ದ ಗೋಲ್ಡನ್‌ಗಳನ್ನು, 12ರೊಳಗೆ ಸತ್ತವುಗಳ ಜೊತೆ ಇಟ್ಟು ನೋಡಿದರು, ಒಟ್ಟು 300ಕ್ಕೂ ಹೆಚ್ಚು ನಾಯಿಗಳು. ಹರ್4 ಎಂಬ ಜೀನಿನ ಕೆಲವು ರೂಪಗಳಿದ್ದವು ಸರಾಸರಿ 13.5 ವರ್ಷ ಬದುಕಿದ್ದವು, ಇಲ್ಲದವು 11.6. ಹತ್ತಿರ ಹತ್ತಿರ ಎರಡು ವರ್ಷ ಹೆಚ್ಚು. ಈ ಹೆಸರು ಎಲ್ಲೋ ಕೇಳಿದ್ದೇನಲ್ಲ ಅನಿಸಿ ನೆನಪು ಮಾಡಿಕೊಂಡೆ. ದೊಡ್ಡಮ್ಮನ ರಿಪೋರ್ಟಿನಲ್ಲಿ ಹರ್2 ಅಂತ ಇತ್ತು. ಅದೇ ಕುಟುಂಬದ ಜೀನ್. ದೊಡ್ಡಮ್ಮನ ಹತ್ತಿರ ಇದನ್ನು ಹೇಳಿದರೆ, "ಹಂಗಾರೆ ನಾನೂ ಬೆಲ್ಲನೂ ನೆಂಟ್ರು" ಅಂದರು.

ಇದೆಲ್ಲ ಗೊತ್ತಾಗಿದ್ದು ಯಾರಿಂದ? 2012ರಿಂದ ಅಮೆರಿಕದ ಮಾರಿಸ್ ಅನಿಮಲ್ ಫೌಂಡೇಶನ್ ಒಂದು ದೊಡ್ಡ ಅಧ್ಯಯನ ನಡೆಸುತ್ತಿದೆ. 2015ರೊಳಗೆ 3,044 ಗೋಲ್ಡನ್‌ಗಳನ್ನು ಸೇರಿಸಿಕೊಂಡರು, ಸೇರುವಾಗ ಎಲ್ಲವೂ ಎರಡು ವರ್ಷದೊಳಗಿನ ಮರಿಗಳು. ಪ್ರತಿ ವರ್ಷ ಮನೆಯವರು ಉದ್ದದ ಪ್ರಶ್ನಾವಳಿ ತುಂಬಬೇಕು: ಏನು ತಿಂತು, ಎಲ್ಲಿ ಮಲಗಿತು, ಯಾವ ನೀರು ಕುಡಿಯಿತು. ರಕ್ತ, ಕೂದಲು, ಉಗುರಿನ ತುಂಡು ಕಳಿಸಬೇಕು. ನಾಯಿ ಸತ್ತಾಗ, ಮನಸ್ಸು ಎಷ್ಟೇ ಕೆಟ್ಟಿದ್ದರೂ, ಏನಾಗಿ ಸತ್ತಿತು ಅಂತ ತಿಳಿಸಬೇಕು. ಆ ಅಧ್ಯಯನದಲ್ಲಿ ಅತಿ ಹೆಚ್ಚು ನಾಯಿಗಳನ್ನು ಕೊಂದ ಕ್ಯಾನ್ಸರ್ ನಮ್ಮ ಬೆಲ್ಲನದ್ದೇ. ನಾನು ಯೋಚಿಸುತ್ತಿದ್ದದ್ದು ಆ ಮನೆಗಳ ಬಗ್ಗೆ. ಖಾಲಿಯಾದ ಬಟ್ಟಲು ಎದುರಿಗಿಟ್ಟುಕೊಂಡು ಫಾರಂ ತುಂಬಿದ ಜನರ ಬಗ್ಗೆ.

ಅವತ್ತು ಬೀರುವಿನಿಂದ ಬೆಲ್ಲನ ಪೇಪರ್ ತೆಗೆದೆ. ಹೆಸರು, ನಂಬರು, ಬಣ್ಣ, ಹುಟ್ಟಿದ ದಿನ, 14 ಪೂರ್ವಜರು. ಸತ್ತ ದಿನ ಅನ್ನೋ ಕಾಲಂ ಇಲ್ಲ. ಡೇಟಾಬೇಸ್ ಡಿಸೈನ್ ಮಾಡಿ ಹೊಟ್ಟೆ ಹೊರೆಯುವವನು ನಾನು, ಏಳು ವರ್ಷ ಆ ಹಾಳೆ ನನ್ನ ಬೀರುವಿನಲ್ಲಿತ್ತು, ಒಂದು ದಿನವೂ ನನಗೆ ಅದು ಹೊಳೆದಿರಲಿಲ್ಲ. ಅಪ್ಪನಿಗೆ ಒಂದು ಸಲ ಓದಿದಾಗಲೇ ಹೊಳೆದಿತ್ತು. ಹಾಗಂತ ಜಗತ್ತಿನಲ್ಲಿ ಯಾರೂ ಬರೆದಿಡುವುದಿಲ್ಲ ಅಂತಲ್ಲ. ಫಿನ್‌ಲೆಂಡಿನ ಕೆನಲ್ ಕ್ಲಬ್ಬಿನ ಡೇಟಾಬೇಸಿನಲ್ಲಿ ನಾಯಿ ಏನಾಗಿ ಸತ್ತಿತು ಅಂತ ಮನೆಯವರು ದಾಖಲಿಸಬಹುದು, ಯಾರು ಬೇಕಾದರೂ ನೋಡಬಹುದು. ಮನಸ್ಸಿದ್ದರೆ ಆಗುವ ಕೆಲಸ.

ಏಪ್ರಿಲ್‌ನಲ್ಲಿ ಬ್ರೀಡರ್‌ಗೆ ಫೋನ್ ಮಾಡಿದೆ. ಜಗಳ ಮಾಡಬೇಕು ಅಂತಲೇ ಮಾಡಿದ್ದು. ಮನುಷ್ಯ ಪೂರ್ತಿ ಕೇಳಿಸಿಕೊಂಡರು.

"ಆ ಸೂಲಲ್ಲಿ ಎಂಟು ಮರಿ ಕೊಟ್ಟಿದೀನಿ ಸರ್. ಸತ್ತಿದ್ದಕ್ಕೆ ಫೋನ್ ಮಾಡಿದ್ದು ನೀವೊಬ್ರೇ. ಬೇರೆ ಎಲ್ಲ ಮರಿ ಬೇಕಾದಾಗ ಮಾತ್ರ ಮಾಡ್ತಾರೆ."

"ಇವನ ಅಮ್ಮ ಇದೆಯಾ?"

"ಇಲ್ಲ ಸರ್, 2021ರಲ್ಲೇ ಹೋದಳು. ಆರು ವರ್ಷ. ಬೆಳಿಗ್ಗೆ ಚೆನ್ನಾಗಿದ್ದೋಳು ಸಂಜೆ ಇದ್ದಕ್ಕಿದ್ದಂಗೆ ಬಿದ್ಲು. ತೋಟ ಅಲ್ವಾ, ಹಾವು ಕಚ್ಚಿರಬೇಕು ಅಂದ್ಕೊಂಡ್ವಿ."

ಹಾವೇ ಕಚ್ಚಿರಬಹುದು. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಜಗಳ ಮಾಡಲು ಏನೂ ಉಳಿದಿರಲಿಲ್ಲ. ಅವರು ಬಣ್ಣ ನೋಡಿ ಜೋಡಿ ಮಾಡಿಸಿದ್ದರು, ನಾನು ಬಣ್ಣ ನೋಡಿ ಕೊಂಡಿದ್ದೆ. ಕೊನೆಗೆ ಅವರೇ, "ಅದೇ ಸೂಲಿನ ಹೆಣ್ಣುಮರಿ ಒಂದು ಮೈಸೂರಲ್ಲಿದೆ. ಅವರನ್ನ ಕೇಳಿ ನಂಬರ್ ಕೊಡ್ಲಾ?" ಅಂದರು.

ನಂಬರ್ ಬಂತು. ನಾಲ್ಕು ದಿನ ಫೋನ್ ಮಾಡಲಾಗಲಿಲ್ಲ. "ಪಾಪ, ಅವರ ನೆಮ್ಮದಿ ಯಾಕೆ ಹಾಳು ಮಾಡ್ತೀಯಾ? ಗೊತ್ತಾಗಿ ಏನು ಮಾಡ್ತಾರೆ ಅವರು?" ಅಂದಳು ಅಕ್ಕ. ಅವಳು ಹೇಳಿದ್ದರಲ್ಲೂ ನಿಜವಿತ್ತು. ಮೊದಲೇ ಗೊತ್ತಾದರೂ ಈ ರೋಗದಲ್ಲಿ ಸಿಗುವುದು ಕೆಲವು ತಿಂಗಳು. ಅದಕ್ಕೋಸ್ಕರ ಈಗಿರುವ ಒಳ್ಳೆಯ ವರ್ಷಗಳಲ್ಲಿ ಭಯ ಬಿತ್ತುವುದು ಸರಿಯಾ? ಭಾವ ಹೆಚ್ಚು ಮಾತಾಡುವವರಲ್ಲ. "ನಮಗೆ ಯಾರಾದ್ರೂ ಹೇಳಿದ್ದಿದ್ರೆ ಸಂಕ್ರಾಂತಿಗೆ ಮೊದಲು ಅವನ ವಸಡು ನೋಡ್ತಿದ್ವಿ" ಅಂದರು. ಅಷ್ಟೇ.

ಫೋನ್ ಮಾಡಿದೆ. ಒಬ್ಬರು ರಿಟೈರ್ಡ್ ಟೀಚರ್. ಬೆಲ್ಲನ ತಂಗಿಯ ಹೆಸರು ಚಿನ್ನು. ಅವಳೂ ಸೌತೆಕಾಯಿ ಅಂದರೆ ಪ್ರಾಣ ಬಿಡುತ್ತಾಳಂತೆ. ಹತ್ತು ನಿಮಿಷ ನಗುನಗುತ್ತಾ ಮಾತಾಡಿದ ಮೇಲೆ ವಿಷಯ ಹೇಳಿದೆ. ಆ ಕಡೆ ಸದ್ದಿಲ್ಲ. ಆಮೇಲೆ "ಯಾಕಪ್ಪಾ ಹೇಳಿದ್ರಿ" ಅಂದು ಫೋನ್ ಇಟ್ಟರು. ಆ ರಾತ್ರಿ ಅಕ್ಕನ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

ಹದಿನೈದು ದಿನದ ಮೇಲೆ ಅವರೇ ಫೋನ್ ಮಾಡಿದರು. ಚಿನ್ನುಗೆ ಹೊಟ್ಟೆಯ ಸ್ಕ್ಯಾನ್ ಮಾಡಿಸಿದರಂತೆ. ಸದ್ಯಕ್ಕೆ ಏನೂ ಇಲ್ಲ. ಆರು ತಿಂಗಳಿಗೊಮ್ಮೆ ಮಾಡಿಸೋಣ ಅಂತ ಅಲ್ಲಿನ ಡಾಕ್ಟರ್ ಹೇಳಿದ್ದಾರೆ. "ನಿಮ್ಮ ಮೇಲೆ ತುಂಬಾ ಸಿಟ್ಟು ಬಂದಿತ್ತಪ್ಪ. ಈಗ ದಿನಾ ಬೆಳಿಗ್ಗೆ ಅವಳ ತುಟಿ ಎತ್ತಿ ವಸಡು ನೋಡ್ತೀನಿ. ಹಲ್ಲು ತಿಕ್ಕಕ್ಕೆ ಬಂದ್ರು ಅಂದ್ಕೊಂಡು ಮಂಚದ ಕೆಳಗೆ ಹೋಗಿ ಸೇರ್ಕೋತಾಳೆ" ಅಂದರು. ಮೇ ತಿಂಗಳಲ್ಲಿ ಅವಳ ಏಳನೇ ಹುಟ್ಟುಹಬ್ಬದ ಫೋಟೋ ಕಳಿಸಿದ್ದರು. ಬೆಲ್ಲನದ್ದೇ ಕಣ್ಣು. ಪುಟ್ಟಿ ಆ ಫೋಟೋವನ್ನು ತುಂಬಾ ಹೊತ್ತು ನೋಡಿ, ಏನೂ ಹೇಳದೆ ಫೋನ್ ನನ್ನ ಕೈಗೆ ಕೊಟ್ಟಳು.

ಮರಿ ತರಲು ಹೊರಟವರಿಗೆ ನಾನು ಹೇಳುವುದು ಇಷ್ಟೇ. ಗೋಲ್ಡನ್ ತರಬೇಡಿ ಅನ್ನುವುದಿಲ್ಲ, ಅಂಥ ಮಾತು ಬೆಲ್ಲನ ಎದುರು ನಾನು ಆಡಲಾರೆ. ನಿಮ್ಮ ಲಿಸ್ಟಿನಲ್ಲಿ ಬಣ್ಣ, ಬೆಲೆಗಿಂತ ಮೊದಲು ಇನ್ನೊಂದು ಕಾಲಂ ಹಾಕಿಕೊಳ್ಳಿ: ಅಜ್ಜ ಅಜ್ಜಿ ಎಷ್ಟು ವರ್ಷ ಬದುಕಿದವು, ಏನಾಗಿ ಹೋದವು. ಉತ್ತರ ಗೊತ್ತಿಲ್ಲ ಅಂದರೂ ಕೇಳಿ. ಹತ್ತು ಜನ ಕೇಳಿದರೆ ಹನ್ನೊಂದನೆಯವರಿಗೆ ಉತ್ತರ ಇಟ್ಟುಕೊಂಡಿರುತ್ತಾರೆ. ನಿಮ್ಮ ನಾಯಿ ಹೋದ ದಿನ, ಕಷ್ಟವಾದರೂ, ಬ್ರೀಡರ್‌ಗೆ ಒಂದು ಫೋನ್ ಮಾಡಿ. ಇನ್ನು ಮನೆಯಲ್ಲಿ ಗೋಲ್ಡನ್ ಇದ್ದರೆ ಇವತ್ತೇ ಒಮ್ಮೆ ಅದರ ವಸಡಿನ ಬಣ್ಣ ನೋಡಿಟ್ಟುಕೊಳ್ಳಿ. ಆರೋಗ್ಯವಾಗಿರುವಾಗಿನ ಬಣ್ಣ ಗೊತ್ತಿದ್ದರೆ ತಾನೇ ಬದಲಾದಾಗ ಗೊತ್ತಾಗೋದು.

ಬೆಲ್ಲ ಹೋದ ಸುದ್ದಿಯನ್ನು ಅಪ್ಪನಿಗೆ ಫೋನಿನಲ್ಲಿ ಹೇಳಿದಾಗ ಅವರು ಮೊದಲು "ಎಷ್ಟು ವರ್ಷ ಆಗಿತ್ತು?" ಅಂತ ಕೇಳಿದ್ದರು. ಆರು ವರ್ಷ ಹತ್ತು ತಿಂಗಳು ಅಂದೆ. "ಎಲ್ಲಾದ್ರೂ ಬರೆದಿಡು" ಅಂದರು. ಆಗ ನನಗೆ ಸ್ವಲ್ಪ ಸಿಟ್ಟೇ ಬಂದಿತ್ತು, ಈ ಹೊತ್ತಿನಲ್ಲಿ ಆಡುವ ಮಾತಾ ಇದು ಅಂತ.

ಈಗ ಆ ಪೇಪರಿನ ಕೆಳಗೆ, ಖಾಲಿ ಇದ್ದ ಜಾಗದಲ್ಲಿ, ಪೆನ್ನಿನಲ್ಲಿ ಬರೆದಿದ್ದೇನೆ. ಮರಣ: 17-03-2025. ಕಾರಣ: ಹೆಮಾಂಜಿಯೋಸಾರ್ಕೋಮಾ, ಗುಲ್ಮ. ವಯಸ್ಸು: 6 ವರ್ಷ 10 ತಿಂಗಳು. ಅದರ ಫೋಟೋ ತೆಗೆದು ಬ್ರೀಡರ್‌ಗೂ ಕಳಿಸಿದೆ. ಎರಡು ನೀಲಿ ಗೆರೆ ಬಿತ್ತು. ಸ್ವಲ್ಪ ಹೊತ್ತಿನ ಮೇಲೆ ಉತ್ತರವೂ ಬಂತು: "ಫೈಲಲ್ಲಿ ಇಟ್ಟಿದೀನಿ ಸರ್."